ಸಾಮ್‌ಯಾಂಗ್ 14 ಮಿ.ಮೀ. ಎಫ್/2.8: ಕಾಸರಗೋಡಿನ ರಾತ್ರಿ ಆಕಾಶಕ್ಕೆ ಮೊದಲ ಲೆನ್ಸ್ ಆದೀತೇ?

ಆಕಾಶಗಂಗೆಯ ಫೋಟೋ ತೆಗೆಯಬೇಕೆಂದು ಹೊರಟವರು ಹೆಚ್ಚಾಗಿ ಮೊದಲು ಕೇಳುವುದು ‘ಯಾವ ಟ್ರ್ಯಾಕರ್ ಒಳ್ಳೆಯದು?’ ಎಂದು. ಕಾಸರಗೋಡಿನವರಾದರೆ ಟ್ರ್ಯಾಕರ್ ಆಮೇಲೆ ನೋಡುವಾ, ಮೊದಲು ಒಂದು ಅಗಲ ನೋಟದ ಲೆನ್ಸ್ ತಗೊಳ್ಳಿ ಎನ್ನುತ್ತೇವೆ. ಟ್ರ್ಯಾಕರ್ ಎಂದರೆ ಆಕಾಶದ ತಿರುಗುವಿಕೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಯಂತ್ರ. ಅದು ಸರಿಯಾಗಿ ತಿರುಗಬೇಕಾದರೆ ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಗುರಿ ಹಿಡಿದು ನಿಲ್ಲಿಸಬೇಕು. ನಮ್ಮದು ಸುಮಾರು 12.5 ಡಿಗ್ರಿ ಅಕ್ಷಾಂಶ. ಧ್ರುವ ಇರುವುದೂ ಬಾನಂಚಿನಿಂದ ಅಷ್ಟೇ ಎತ್ತರದಲ್ಲಿ: ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ತುಸು ಮೇಲೆ. ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳ ಅಂಗಳದಿಂದ ನೋಡಿದರೆ ಆ ಎತ್ತರವನ್ನೆಲ್ಲ ಅಡಕೆ, ತೆಂಗಿನ ಮರಗಳೇ ಮುಚ್ಚಿರುತ್ತವೆ. ಮಂಜೇಶ್ವರ, ಕುಂಬಳೆಯಂಥ ತೆರೆದ ಕಡೆ ಮರ ಅಡ್ಡ ಬರದಿದ್ದರೂ ಉತ್ತರದಲ್ಲಿ ಮಂಗಳೂರಿನ ಬೆಳಕಿನ ಮಬ್ಬು ಇದೆ.

ದಕ್ಷಿಣ ಮಾತ್ರ ನಮಗೆ ಒಲಿದ ದಿಕ್ಕು. ಆಕಾಶಗಂಗೆಯ ನಡುಭಾಗ ದಿಲ್ಲಿಯಲ್ಲಿ 32 ಡಿಗ್ರಿ ಎತ್ತರಕ್ಕೆ ಬಂದು ಇಳಿದರೆ, ಇಲ್ಲಿ 48 ಡಿಗ್ರಿಗೆ ಏರುತ್ತದೆ. ದಿಲ್ಲಿಯಲ್ಲಿ ನೆಲಕ್ಕೆ ತಾಗಿದಂತಿರುವ ತ್ರಿಶಂಕು ನಕ್ಷತ್ರಪುಂಜ ಇಲ್ಲಿ 17 ಡಿಗ್ರಿ ಮೇಲಿರುತ್ತದೆ. ಇದನ್ನೆಲ್ಲ ನೆಲದ ಸಮೇತ ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಕೆಲಸಕ್ಕೆ ಈ ಲೆನ್ಸ್ ಹೇಳಿ ಮಾಡಿಸಿದಂತಿದೆ.

ಇದು ಕೊರಿಯಾದ ಕಂಪನಿಯ ಪೂರ್ತಿ ಮ್ಯಾನುಯಲ್ ಲೆನ್ಸ್. ರೋಕಿನಾನ್ ಎಂಬ ಹೆಸರಿನಲ್ಲಿ ಸಿಗುವುದೂ ಇದೇ. ಒಳಗೆ 14 ಗಾಜುಗಳು, ತೂಕ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಮೂಲೆಯಿಂದ ಮೂಲೆಗೆ 115 ಡಿಗ್ರಿ ನೋಟ. ಎಪಿಎಸ್-ಸಿ (ಅದಕ್ಕಿಂತ ಸಣ್ಣ ಸೆನ್ಸರಿನ) ಕ್ಯಾಮೆರಾವನ್ನು ನಿಲುವಾಗಿ ಇಟ್ಟರೆ ಮೇಲಕ್ಕೆ 80 ಡಿಗ್ರಿ, ಅಡ್ಡಕ್ಕೆ 58 ಡಿಗ್ರಿ ಸಿಗುತ್ತದೆ. ಆಟೋಫೋಕಸ್ ಇರುವ 14 ಮಿ.ಮೀ. ಮಾದರಿಯೂ ಇದೇ ಕಂಪನಿಯದ್ದಿದೆ, ಅದು ಬೇರೆ. ಕೊಳ್ಳುವಾಗ ಮ್ಯಾನುಯಲ್ ಮಾದರಿಯೇ ಹೌದೋ ನೋಡಿ.

ಮೊದಲೇ ಹೇಳಬೇಕಾದ ಒಂದು ಲೆಕ್ಕವಿದೆ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್‌ನಲ್ಲಿ 18 ಮಿ.ಮೀ., ಎಫ್/3.5 ಇಟ್ಟಾಗ ಬೆಳಕು ಒಳಬರುವ ಬಾಯಿಯ ಅಗಲ 5.1 ಮಿ.ಮೀ. ಈ ಲೆನ್ಸಿನದ್ದು 14 ಭಾಗಿಸು 2.8, ಅಂದರೆ 5 ಮಿ.ಮೀ. ಹಾಗಾಗಿ ಚುಕ್ಕಿಯಂಥ ನಕ್ಷತ್ರಗಳ ಲೆಕ್ಕದಲ್ಲಿ ಎರಡೂ ಸಮ. ವ್ಯತ್ಯಾಸ ಕಾಣುವುದು ಆಕಾಶಗಂಗೆಯ ಹರಡಿದ ಬೆಳಕಿನಲ್ಲಿ: ಅದು ಇಲ್ಲಿ ಒಂದೂವರೆ ಪಟ್ಟು ಗಾಢವಾಗಿ ಬೀಳುತ್ತದೆ, ನಕ್ಷತ್ರ ಗೆರೆಯಾಗುವ ಮೊದಲು ಇನ್ನಷ್ಟು ಸೆಕೆಂಡೂ ಸಿಗುತ್ತದೆ. ಕಿಟ್ ಲೆನ್ಸ್ ಮನೆಯಲ್ಲಿದ್ದರೆ ಎರಡು ಅಮಾವಾಸ್ಯೆ ಅದರಲ್ಲೇ ಕೈ ಪಳಗಿಸಿ, ಆಮೇಲೆ ಇದನ್ನು ಕೊಳ್ಳಿ. ದುಡ್ಡು ಸುಮ್ಮನೆ ಹೋಗುವುದು ಬೇಡ.

ಈಗ ಈ ಲೆನ್ಸಿನ ದೊಡ್ಡ ಸಮಸ್ಯೆಗೆ ಬರುವಾ. ಇದರ ಫೋಕಸ್ ರಿಂಗಿನ ಮೇಲಿನ ಅನಂತದ (ನಕ್ಷತ್ರಗಳಂಥ ಬಲು ದೂರದ ವಸ್ತುಗಳ ಫೋಕಸ್ ತೋರಿಸುವ) ಗುರುತನ್ನು ನಂಬಬಾರದು. ಒಂದರಿಂದ ಒಂದಕ್ಕೆ ಅದು ಬೇರೆಯಾಗಿರುವುದು ಈ ಮಾದರಿಯ ಬಗ್ಗೆ ಎಲ್ಲರಿಗೂ ಗೊತ್ತಿರುವ ವಿಷಯ. ನಿಜವಾದ ಅನಂತ ಕೆಲವದರಲ್ಲಿ ಗುರುತಿನ ಆಚೆ, ಕೆಲವದರಲ್ಲಿ ಎಷ್ಟೋ ಈಚೆ ಇರುತ್ತದೆ. ಗುರುತಿಗೆ ತಿರುಗಿಸಿಟ್ಟು ರಾತ್ರಿಯಿಡೀ ಫೋಟೋ ತೆಗೆದವರಿಗೆ ಬೆಳಗ್ಗೆ ಸಿಗುವುದು ಊದಿಕೊಂಡ ನಕ್ಷತ್ರಗಳೇ.

ಹೀಗೆ ಮಾಡಿ. ಅಪರ್ಚರ್ (ಬೆಳಕು ಒಳಬರುವ ಬಾಯಿ) 2.8ಕ್ಕೆ ತೆರೆಯಿರಿ. ಲೈವ್ ವ್ಯೂ ಹಾಕಿ, ಚಳಿಗಾಲದಲ್ಲಾದರೆ ಲುಬ್ಧಕ ಅಥವಾ ಅಗಸ್ತ್ಯ, ಏಪ್ರಿಲ್–ಮೇನಲ್ಲಾದರೆ ಸ್ವಾತಿಯನ್ನು ಪರದೆಯ ನಡುವೆ ತನ್ನಿ. 14 ಮಿ.ಮೀ.ನಲ್ಲಿ ನಕ್ಷತ್ರ ತೀರಾ ಸಣ್ಣ. ಮಂಕಾದದ್ದು ಪರದೆಯ ಕಾಳು ಕಾಳಿನಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಬೆಳಗುವ ನಕ್ಷತ್ರ ಬೇಕು. 10 ಪಟ್ಟು ಹಿಗ್ಗಿಸಿ ರಿಂಗನ್ನು ಕೂದಲೆಳೆಯಷ್ಟೇ ಅತ್ತಿತ್ತ ಸರಿಸಿ. ಚುಕ್ಕಿ ಕಿರಿದಾಗುತ್ತ ಬಂದು, ಮತ್ತೆ ಊದತೊಡಗುತ್ತದೆ. ಊದಲು ಶುರುವಾದೊಡನೆ ಹಿಂದಕ್ಕೆ ಬನ್ನಿ. 10 ಸೆಕೆಂಡಿನ ಒಂದು ಫೋಟೋ ತೆಗೆದು ಹಿಗ್ಗಿಸಿ ನೋಡಿ: ಸರಿಯಾದ ಫೋಕಸ್‌ನಲ್ಲಿ ಮಂಕು ನಕ್ಷತ್ರಗಳ ಸಂಖ್ಯೆ ಒಮ್ಮೆಲೇ ಹೆಚ್ಚುತ್ತದೆ. ಅಲ್ಲಿಗೆ ರಿಂಗಿನ ಮೇಲೂ ಅದರ ಪಕ್ಕದ ಅಲುಗದ ಭಾಗದ ಮೇಲೂ ಬಿಳಿ ಟೇಪಿನ ತುಂಡು ಅಂಟಿಸಿ, ಎರಡರ ಮೇಲೂ ಹಾಯುವಂತೆ ಸಪೂರ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗೆರೆಗೆ ಗೆರೆ ಕೂಡಿಸಿದರೆ ಕೆಲಸದ ತೊಂಬತ್ತು ಪಾಲು ಮುಗಿಯಿತು. ಉಳಿದ ಹತ್ತಕ್ಕೆ ಆ ದಿನವೂ ಒಮ್ಮೆ ನಕ್ಷತ್ರ ನೋಡಿ. ಹೊಸ ‘ಮಾರ್ಕ್ 2’ ಆವೃತ್ತಿಯಲ್ಲಿ ಫೋಕಸ್ ಲಾಕ್ ಇದೆ. ಹಳೆಯದಕ್ಕೆ ಟೇಪೇ ಗತಿ.

ಅದೇ ರಾತ್ರಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಒಂದೇ ನಕ್ಷತ್ರವನ್ನು ಚೌಕಟ್ಟಿನ ನಾಲ್ಕೂ ಮೂಲೆಗೆ ಒಂದೊಂದಾಗಿ ತಂದು, ಎಫ್/2.8ರಲ್ಲಿ ಐದೈದು ಸೆಕೆಂಡಿನ ಫೋಟೋ ತೆಗೆಯಿರಿ. ನಾಲ್ಕೂ ಕಡೆ ಆಕಾರ ಹೆಚ್ಚುಕಮ್ಮಿ ಒಂದೇ ಇದ್ದರೆ ಲೆನ್ಸ್ ಒಳ್ಳೆಯದು. ಒಂದು ಮೂಲೆಯಲ್ಲಿ ಮಾತ್ರ ಬಾಲ ಬಂದಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ ಎಂದರ್ಥ. ನಾವು ಸರಿಪಡಿಸುವಂಥದ್ದಲ್ಲ ಅದು. ವಾಪಸ್ ಮಾಡುವ ಗಡುವು ಮುಗಿಯುವುದರೊಳಗೆ ಬದಲಿಸಿಕೊಳ್ಳಿ. ಮಳೆಗಾಲದಲ್ಲಿ ಕೊಂಡರೆ ಈ ಪರೀಕ್ಷೆಗೇ ಆಕಾಶ ಸಿಗುವುದಿಲ್ಲ, ಹಾಗಾಗಿ ನವೆಂಬರ್ ಕಳೆದ ಮೇಲೆ ಕೊಳ್ಳುವುದು ಜಾಣತನ.

ಚೆನ್ನಾಗಿ ಕೂತ ಲೆನ್ಸ್ ಸಿಕ್ಕಿದರೆ ಅಂಚಿನ ನಕ್ಷತ್ರಗಳು ಹಕ್ಕಿಯ ರೆಕ್ಕೆಯಂತೆ ಹರಡಿಕೊಳ್ಳುವುದಿಲ್ಲ. ಪೂರ್ತಿ ತೆರೆದ ಬಾಯಿಯಲ್ಲೂ ಈ ಹಿಡಿತ ಇರುವುದೇ ಇದರ ದೊಡ್ಡ ಗುಣ, ಇದೊಂದಕ್ಕೇ ನಮ್ಮ ಶಿಫಾರಸು. 4ಕ್ಕೆ ಇಳಿಸುವ ಅಗತ್ಯ ಬೀಳುವುದಿಲ್ಲ. ಇಳಿಸಿದರೆ ಹಳೆಯ ಆವೃತ್ತಿಯ ಆರು ಎಸಳಿನ ಅಪರ್ಚರ್‌ನಿಂದ ದೊಡ್ಡ ನಕ್ಷತ್ರಗಳಿಗೆ ಆರು ಮುಳ್ಳು ಮೂಡುತ್ತವೆ.

ಎಷ್ಟು ಸೆಕೆಂಡು? 500ನ್ನು ಲೆನ್ಸಿನ ಮಿ.ಮೀ.ನಿಂದ (ಎಪಿಎಸ್-ಸಿಯಲ್ಲಿ ಅದರ ಒಂದೂವರೆ ಪಟ್ಟಿನಿಂದ) ಭಾಗಿಸುವ ಹಳೆಯ ಸೂತ್ರ ಎಪಿಎಸ್-ಸಿಯಲ್ಲಿ ಸುಮಾರು 24 ಸೆಕೆಂಡು ಕೊಡುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಅದು ಜಾಸ್ತಿಯಾಯಿತು. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ತಿರುಗುತ್ತದೆ. ಈ ಲೆನ್ಸಿನಲ್ಲಿ ಒಂದು ಪಿಕ್ಸೆಲ್ಲಿಗೆ ಸುಮಾರು 57 ಆರ್ಕ್‌ಸೆಕೆಂಡ್. 20 ಸೆಕೆಂಡಿನಲ್ಲಿ ನಕ್ಷತ್ರ ಐದು ಪಿಕ್ಸೆಲ್ ಜಾರಿರುತ್ತದೆ. 15 ಸೆಕೆಂಡಿಗೆ ನಿಲ್ಲಿಸಿ. ಎಫ್/2.8, ಐಎಸ್‌ಒ 3200 (ಬೆಳಕಿನ ಮಬ್ಬಿದ್ದರೆ 1600), ರಾ ಫೈಲ್, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್. ಹೀಗೆ ಸಾಲಾಗಿ 20 ಫೋಟೋ ತೆಗೆದು ಸೀಕ್ವೇಟರ್‌ನಲ್ಲಿ ಒಟ್ಟು ಮಾಡಿದರೆ ಫೋಟೋದ ಕಾಳು (ನಾಯ್ಸ್) ನಾಲ್ಕೂವರೆ ಪಟ್ಟು ಕಡಿಮೆಯಾಗುತ್ತದೆ. ನೆಲವನ್ನು ಅಲುಗದಂತೆ ಹಿಡಿದಿಡುವ ಆಯ್ಕೆಯೂ ಅದರಲ್ಲಿದೆ, ತಂತ್ರಾಂಶ ಉಚಿತ. ಕ್ಯಾಮೆರಾದೊಳಗಿನ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಇಲ್ಲವಾದರೆ ಪ್ರತಿ ಫೋಟೋದ ನಂತರ ಅಷ್ಟೇ ಹೊತ್ತು ಕಾಯಬೇಕು. ಬದಲಿಗೆ ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ 15 ಡಾರ್ಕ್ (ಸೆನ್ಸರಿನ ಚುಕ್ಕಿಗಳನ್ನು ಆಮೇಲೆ ಕಳೆಯಲು ಬಳಸುವ ಕಪ್ಪು ಫೋಟೋ) ತೆಗೆಯಿರಿ. ನಮ್ಮ ಸೆಕೆಗೆ ಸೆನ್ಸರ್ ಬೆಚ್ಚಗಾಗಿ ಕೆಂಪು, ನೀಲಿ ಚುಕ್ಕಿಗಳು ಏಳುತ್ತವೆ. ಚಳಿ ಊರಿನವರು ಡಾರ್ಕ್ ಬಿಟ್ಟರೂ ನಡೆದೀತು, ಕರಾವಳಿಯವರು ಬಿಡಬಾರದು.

ದೋಷಗಳೂ ಇವೆ. ಗೆರೆಗಳು ಮೀಸೆಯಂತೆ ಡೊಂಕಾಗುತ್ತವೆ. ಬೇಕಲದ ಕಡಲಂಚನ್ನು ಚೌಕಟ್ಟಿನ ಕೆಳಗೆ ಇಟ್ಟರೆ ಸಮುದ್ರವೇ ಅಲೆಯಾಗಿ ಬಗ್ಗಿದಂತೆ ಕಾಣುತ್ತದೆ. ಡಾರ್ಕ್‌ಟೇಬಲ್ ಅಥವಾ ಲೈಟ್‌ರೂಮ್‌ನ ಲೆನ್ಸ್ ಪ್ರೊಫೈಲ್ ಹಾಕಲೇಬೇಕು. ಫುಲ್ ಫ್ರೇಮ್‌ನಲ್ಲಿ ಮೂಲೆಗಳು ಚೆನ್ನಾಗಿಯೇ ಕಪ್ಪಾಗುತ್ತವೆ, ಎಪಿಎಸ್-ಸಿಯಲ್ಲಿ ಅಷ್ಟಿಲ್ಲ.

ಕ್ಯಾಮೆರಾಕ್ಕೆ ಲೆನ್ಸಿನ ಮಾಹಿತಿ ಕೊಡುವ ಚಿಪ್ ಇಲ್ಲದ ಆವೃತ್ತಿಯನ್ನು ಮಿರರ್‌ಲೆಸ್ ಕ್ಯಾಮೆರಾ ಗುರುತಿಸುವುದೇ ಇಲ್ಲ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಎಂಬ ಅರ್ಥದ ಆಯ್ಕೆಯನ್ನು ಆನ್ ಮಾಡಿ. ಚಿಪ್ ಇರುವ ನಿಕಾನ್ ಆವೃತ್ತಿಯಲ್ಲಿ ಅಪರ್ಚರ್ ರಿಂಗ್ 22ರಲ್ಲಿ ಇಲ್ಲದಿದ್ದರೆ ‘ಎಫ್‌ಇಇ’ ಎಂಬ ದೋಷ ಬರುತ್ತದೆ: ರಿಂಗನ್ನು 22ಕ್ಕೆ ಇಟ್ಟು ಕ್ಯಾಮೆರಾದಿಂದಲೇ 2.8 ಹಾಕಿ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇಬ್ಬನಿ. ಮುಂದಿನ ಗಾಜು ಗೋಲಿಯಂತೆ ಉಬ್ಬಿರುವುದರಿಂದ ತಿರುಪಿ ಹಾಕುವ ಫಿಲ್ಟರ್ ಕೂರುವುದಿಲ್ಲ, ಗಾಜು ಬಯಲಿಗೆ ಬಿದ್ದಿರುತ್ತದೆ. ಆಕಾಶಗಂಗೆಯ ನಡುಭಾಗ ಮಾರ್ಚ್ ಮೂರನೇ ವಾರದಲ್ಲಿ ಮೂಡುವುದು ರಾತ್ರಿ ಒಂದರ ಹೊತ್ತಿಗೆ. ತೆಗೆಯುವಷ್ಟು ಮೇಲೇರಲು ಎರಡು ದಾಟಬೇಕು. ಇಬ್ಬನಿ ಬೀಳುವುದೂ ಆ ಹೊತ್ತಿಗೇ. ಫೋಟೋಗಳಲ್ಲಿ ನಕ್ಷತ್ರಗಳ ಸುತ್ತ ಪ್ರಭೆ ಕಾಣಿಸಿಕೊಂಡು, ಹತ್ತು ನಿಮಿಷದೊಳಗೆ ಎಲ್ಲ ಮಸುಕಾದರೆ ಅದು ಮೋಡವಲ್ಲ, ಗಾಜಿನ ಮೇಲಿನ ನೀರು. 5 ವೋಲ್ಟಿನ ಯುಎಸ್‌ಬಿ ಡ್ಯೂ ಹೀಟರ್ ಪಟ್ಟಿಯನ್ನು ಹುಡ್‌ನ ಬುಡಕ್ಕೆ, ಫೋಕಸ್ ರಿಂಗಿಗೆ ತಾಗದಂತೆ ಸುತ್ತಿ, ಗಾಜು ಒಣಗಿರುವಾಗಲೇ ಆನ್ ಮಾಡಿ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ನಾಲ್ಕು ಗಂಟೆ ಓಡುತ್ತದೆ. ಒದ್ದೆ ಗಾಜನ್ನು ಬಟ್ಟೆಯಿಂದ ಒರೆಸಬೇಡಿ, ಕಡಲಬದಿಯ ಉಪ್ಪಿನ ಕಣ ಗೀರು ಹಾಕುತ್ತದೆ.

ಮೇ ಮೊದಲ ವಾರದಲ್ಲಿ ಅದೇ ನಡುಭಾಗ ರಾತ್ರಿ ಒಂಬತ್ತೂವರೆ, ಹತ್ತಕ್ಕೇ ಮೂಡುತ್ತದೆ, ಆದರೆ ಗುಡುಗು ಮಳೆಯ ಮೋಡ ಯಾವಾಗ ಬಂದೀತೆಂದು ಹೇಳಲಾಗದು. ಪದವುಗಳು (ಎತ್ತರದ ಕೆಂಪುಕಲ್ಲಿನ ಬಯಲುಗಳು) ಒಳ್ಳೆಯ ಜಾಗ. ಪೊಸಡಿಗುಂಪೆಯಂಥ ಗುಡ್ಡದ ಮೇಲೆ ನಾಲ್ಕೂ ದಿಕ್ಕು ತೆರೆದಿರುತ್ತದೆ. ಹೋಗುವ ಜಾಗವನ್ನು ಹಗಲಲ್ಲಿ ಒಮ್ಮೆ ನಡೆದು ನೋಡಿ. ಪಾಳುಬಿದ್ದ ಕೆಂಪುಕಲ್ಲಿನ ಕೋರೆಗಳಿಗೆ ಬೇಲಿ ಇರುವುದಿಲ್ಲ, ಕೆಂಪು ಟಾರ್ಚಿನ ಬೆಳಕಿಗೆ ಅಂಚು ಕಾಣುವುದೂ ಇಲ್ಲ.

ಜೂನ್ ಬಂತೆಂದರೆ ಲೆನ್ಸ್ ಚೀಲದಲ್ಲಿ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗೊಂದು ಸಣ್ಣ ತೇವಮಾಪಕ ಹಾಕಿ, ಮುಳ್ಳು 40ರಿಂದ 50ರ ನಡುವೆ ನಿಲ್ಲಲಿ. ಹರಳು ಬಣ್ಣ ಬದಲಿಸಿದೊಡನೆ ಬಿಸಿ ಮಾಡಿ ಒಣಗಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡನ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.