ಇಂಟರಪ್ಟ್ ಹ್ಯಾಂಡ್ಲರ್‌ಗೆ ಆರ್ಗ್ಯುಮೆಂಟ್: ನಾನು ತುಳಿದ ಮೂರು ದಾರಿ

ಕಾರ್ಟೆಕ್ಸ್-ಎಂ4 ಪ್ರೊಸೆಸರ್ ಇರುವ ಬೋರ್ಡಿನಲ್ಲಿ ಮೂರು ಯುಎಆರ್‌ಟಿಗಳಿದ್ದವು, ಅಂದರೆ ಬೈಟ್‌ಗಳನ್ನು ಕಳಿಸಿ ಪಡೆಯುವ ಸೀರಿಯಲ್ ಪೋರ್ಟ್‌ಗಳು. ಡ್ರೈವರ್ ಒಂದೇ ಸಾಕು. ಆದರೆ ಬೈಟ್ ಬಂದದ್ದು ಯಾವುದಕ್ಕೆ ಎಂದು ಹ್ಯಾಂಡ್ಲರ್‌ಗೆ, ಅಂದರೆ ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್ನಿಗೆ, ಹೇಳುವವರು ಯಾರು? ಇಂಟರಪ್ಟ್ ಬಂದಾಗ ಪ್ರೊಸೆಸರ್ ಆರ್0 ಸೇರಿ ಎಂಟು ರಿಜಿಸ್ಟರ್‌ಗಳನ್ನು ಸ್ಟ್ಯಾಕಿಗೆ ತಳ್ಳಿ, ಹ್ಯಾಂಡ್ಲರ್‌ಗಳ ವಿಳಾಸಗಳ ಪಟ್ಟಿಯಾದ ವೆಕ್ಟರ್ ಟೇಬಲ್‌ನಲ್ಲಿರುವ ವಿಳಾಸಕ್ಕೆ ಜಿಗಿಯುತ್ತದೆ. ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟ್ ಇರಬೇಕಾದ ಆರ್0ನಲ್ಲಿ ನಮಗೆಂದು ಏನನ್ನೂ ಇಟ್ಟು ಕೊಡುವುದಿಲ್ಲ.

ಮೊದಲು ಹಿಡಿದದ್ದು ಸೋಮಾರಿಯ ದಾರಿ: ಪ್ರತಿ ಯುಎಆರ್‌ಟಿಗೆ ಒಂದು ಗ್ಲೋಬಲ್ ವೇರಿಯೆಬಲ್, ಒಂದು ಹ್ಯಾಂಡ್ಲರ್, ಮೂರರಲ್ಲೂ ನಕಲು ಮಾಡಿದ ಅದೇ ಕೋಡ್. ಓವರ್‌ರನ್ ಫ್ಲ್ಯಾಗ್ (ಹಿಂದಿನ ಬೈಟ್ ಓದುವ ಮೊದಲೇ ಇನ್ನೊಂದು ಬಂತೆಂಬ ಗುರುತು) ಅಳಿಸುವ ಸಾಲನ್ನು ಎರಡರಲ್ಲಿ ಸೇರಿಸಿ ಮೂರನೆಯದರಲ್ಲಿ ಮರೆತೆ. ಆ ಇಂಟರಪ್ಟ್ ಬಿಡದೆ ಮರುಕಳಿಸಿ, ಮುಖ್ಯ ಲೂಪ್ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಆಮೇಲೆ ಟೇಬಲ್. ಎಲ್ಲ ಇಂಟರಪ್ಟ್‌ಗಳಿಗೂ ಒಂದೇ ಹೆಬ್ಬಾಗಿಲು: ಈಗ ನಡೆಯುತ್ತಿರುವ ಎಕ್ಸೆಪ್ಶನ್‌ನ ಸಂಖ್ಯೆ ಇರುವ ಐಪಿಎಸ್ಆರ್ ರಿಜಿಸ್ಟರ್ ಓದಿ, ಮೊದಲ 16 ಸಂಖ್ಯೆಗಳು ಪ್ರೊಸೆಸರ್‌ಗೇ ಮೀಸಲಾದ್ದರಿಂದ 16 ಕಳೆದು, ಸಿಕ್ಕ ಸಂಖ್ಯೆಯ ಸಾಲಿನಲ್ಲಿರುವ ಫಂಕ್ಷನ್ನನ್ನು ಅದರ ವಾಯ್ಡ್ ಪಾಯಿಂಟರ್‌ನೊಂದಿಗೆ (ಯಾವ ಟೈಪಿನ ಡೇಟಾದ ವಿಳಾಸವನ್ನಾದರೂ ಹಿಡಿಯುವ ಪಾಯಿಂಟರ್) ಕರೆಯುವುದು. ಪುಟ್ಟ ಸಾಧನಗಳ ಆಪರೇಟಿಂಗ್ ಸಿಸ್ಟಮ್ ಝೆಫೈರ್‌ನ ಸಾಫ್ಟ್‌ವೇರ್ ಐಎಸ್ಆರ್ (ಇಂಟರಪ್ಟ್ ಹ್ಯಾಂಡ್ಲರ್) ಟೇಬಲ್ ಇದೇ ಜಾತಿಯದು. ಲಿನಕ್ಸ್‌ನಲ್ಲಿ ಹ್ಯಾಂಡ್ಲರ್ ನೋಂದಾಯಿಸುವಾಗ ಕೊಡುವ ಡೆವ್-ಐಡಿ ಎಂಬ ಪಾಯಿಂಟರ್‌ನ ಕೆಲಸವೂ ಇದೇ. ನೋಡಲು ಸೊಗಸು. ಆದರೆ ಪ್ರತಿ ಸಲವೂ ಕೆಲವು ಹೆಚ್ಚುವರಿ ಸೈಕಲ್ ತೆರಬೇಕು, ತಪ್ಪಿಗೂ ಹೊಸ ಜಾಗ ಹುಟ್ಟುತ್ತದೆ. ಇನಿಷಿಯಲೈಸ್ ಫಂಕ್ಷನ್ನಿನ ಲೋಕಲ್ ಸ್ಟ್ರಕ್ಟ್‌ನ ವಿಳಾಸವನ್ನೇ ನಾನು ನೋಂದಾಯಿಸಿಬಿಟ್ಟೆ. ಫಂಕ್ಷನ್ ಮುಗಿಯಿತು, ಆ ಸ್ಟ್ಯಾಕ್ ಜಾಗಕ್ಕೆ ಬೇರೆಯವರು ಬಂದರು. ಮೊದಲ ಬೈಟ್ ಬರುತ್ತಲೇ ಹಾರ್ಡ್‌ಫಾಲ್ಟ್, ಅಂದರೆ ಪ್ರೊಸೆಸರ್ ಕೈಚೆಲ್ಲುವ ಗಂಭೀರ ದೋಷ. ವಾಯ್ಡ್ ಪಾಯಿಂಟರ್ ನೋಡಿ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಕೊನೆಗೆ ಹಿಡಿದದ್ದು ಸ್ಟಬ್: ಪ್ರತಿ ವೆಕ್ಟರ್‌ಗೆ ಒಂದೇ ಸಾಲಿನ ಪುಟ್ಟ ಹ್ಯಾಂಡ್ಲರ್. ಅದು ತನ್ನ ಸ್ಟ್ಯಾಟಿಕ್ ಸ್ಟ್ರಕ್ಟ್‌ನ ವಿಳಾಸ ಹಿಡಿದು ಸಾಮಾನ್ಯ ಫಂಕ್ಷನ್ನನ್ನು ಕರೆಯುತ್ತದೆ, ಅಷ್ಟೆ. ವಿಳಾಸ ಕಾನ್‌ಸ್ಟಂಟ್, ಸ್ಟ್ರಕ್ಟ್‌ನ ಟೈಪ್ ತಪ್ಪಿದರೆ ಕಂಪೈಲರ್ ಅಲ್ಲೇ ಗದರುತ್ತದೆ, ನೋಂದಣಿಯ ಗೋಜಿಲ್ಲ. ಮೂರು ಸಾಲು ಕೈಯಾರೆ ಬರೆಯುವುದು ಕೆಲವರಿಗೆ ಹಳ್ಳಿಗಮಾರತನ ಎನಿಸಬಹುದು, ನನಗೆ ಅದರಲ್ಲಿ ನಾಚಿಕೆಯಿಲ್ಲ. ಯುಎಆರ್‌ಟಿಗಳ ಸಂಖ್ಯೆ ಬೋರ್ಡ್ ತಯಾರಾದ ದಿನವೇ ನಿಗದಿಯಾಗಿತ್ತಲ್ಲ.

ಟೇಬಲನ್ನು ಪೂರ್ತಿ ಕೈಬಿಟ್ಟಿಲ್ಲ. ಯಾವ ವಿಸ್ತರಣಾ ಕಾರ್ಡ್ ಸಿಕ್ಕಿಸಿದೆ ಎಂಬುದು ಬೂಟ್ ಆದಮೇಲಷ್ಟೇ ತಿಳಿಯುವುದರಿಂದ ಅದರ ಇಂಟರಪ್ಟ್ ಇಂದಿಗೂ ಟೇಬಲ್ ಮೂಲಕವೇ ಹೋಗುತ್ತದೆ. ಅಲ್ಲಿ ಮೊದಲು ಆರ್ಗ್ಯುಮೆಂಟ್ ತುಂಬಿ, ಆಮೇಲೆ ಇಂಟರಪ್ಟ್‌ಗಳ ನಿಯಂತ್ರಕವಾದ ಎನ್‌ವಿಐಸಿಯಲ್ಲಿ ಇಂಟರಪ್ಟ್ ತೆರೆಯುತ್ತೇನೆ. ಒಮ್ಮೆ ಉಲ್ಟಾ ಮಾಡಿದ್ದೆ. ಬಾಕಿ ನಿಂತಿದ್ದ ಇಂಟರಪ್ಟ್ ತೆರೆದ ಕೂಡಲೇ ಒಳನುಗ್ಗಿ, ಖಾಲಿ ಪಾಯಿಂಟರ್ ಹಿಡಿದು ಓಡಿತ್ತು.