ಕಡಲಂಚಿನ ಹೆಂಚಿನ ಮನೆಗೆ ಹೊಸ ಮುಖ: ಗುತ್ತಿಗೆ ತಂಡವೊಂದರ ಕೆಲಸದ ವಿಮರ್ಶೆ

ಉಡುಪಿ ಜಿಲ್ಲೆಯ ಕಡಲತೀರದಲ್ಲಿರುವ ನಮ್ಮ ಹಳೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆಯ ಹೊರನೋಟವನ್ನು ತಿದ್ದುವ ಕೆಲಸವನ್ನು ಕಳೆದ ಬೇಸಿಗೆಯಲ್ಲಿ ಸ್ಥಳೀಯ ಗುತ್ತಿಗೆ ತಂಡವೊಂದಕ್ಕೆ ವಹಿಸಿದ್ದೆವು. ಒಂದು ಮಳೆಗಾಲ ಕಳೆದಿರುವುದರಿಂದ ಈಗ ನ್ಯಾಯವಾಗಿ ಬರೆಯಬಹುದು.

ಮಾಡಿನ ಕೆಲಸದಲ್ಲಿ ದೋಷ ಹುಡುಕುವುದು ಕಷ್ಟ. ಮಂಗಳೂರು ಹೆಂಚುಗಳನ್ನು ಒಂದೊಂದಾಗಿ ಇಳಿಸಿ, ಪಾಚಿ ತಿಕ್ಕಿ ತೊಳೆದು, ಒಡೆದವನ್ನಷ್ಟೇ ಬದಲಿಸಿ, ಗೆದ್ದಲು ತಿಂದ ರೀಪುಗಳ (ಹೆಂಚು ಹೊರುವ ಮರದ ಪಟ್ಟಿಗಳ) ಜಾಗದಲ್ಲಿ ಹೊಸತನ್ನು ಹೊಡೆದು ಮತ್ತೆ ಹೊದಿಸಿದರು. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಗುರುತಾಗಿರುವ ಆ ಕೆಂಪಿನ ಮೇಲೆ ಪೇಂಟ್ ಬಳಿಸಬೇಕೆಂಬ ನನ್ನ ಹಠವನ್ನು ಮೇಸ್ತ್ರಿ ನಯವಾಗಿ ತಳ್ಳಿಹಾಕಿದರು. ಅದಕ್ಕೆ ನಾನು ಋಣಿ.

ಗೋಡೆಯ ವಿಷಯದಲ್ಲಿ ಅವರ ತಿಳಿವಳಿಕೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. ಮುರಕಲ್ಲು ರಂಧ್ರಗಳಿರುವ ಕಲ್ಲಾದ್ದರಿಂದ ಮಳೆಯಲ್ಲಿ ನೀರು ಹೀರಿ ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಮೇಲೆ ಬಳಿದಿದ್ದ ಪ್ಲಾಸ್ಟಿಕ್ ಪೇಂಟ್ ಆ ತೇವವನ್ನು ಒಳಗೇ ಕಟ್ಟಿಹಾಕಿ ಗುಳ್ಳೆ ಎಬ್ಬಿಸಿತ್ತು. ಅದನ್ನು ಪೂರ್ತಿ ಕೆರೆದು, ಸುಣ್ಣದ ಗಾರೆ ಮಾಡಿ, ಬಿಳಿ ಸುಣ್ಣ ಬಳಿದು, ಜಗಲಿಯ ಅಂಚಿಗೆ ಕಾವಿ ಪಟ್ಟಿ ಎಳೆದಾಗ ಮನೆಗೆ ಅಜ್ಜನ ಕಾಲದ ಲಕ್ಷಣ ಮರಳಿತು. ಸುಣ್ಣವನ್ನು ಆಗಾಗ ಮರುಬಳಿಯಬೇಕು ಎಂಬುದು ನಿಜ.

ಅಸಮಾಧಾನವಿರುವುದು ಲೋಹದ ಸಾಮಾನುಗಳ ಬಗ್ಗೆ. ಉಪ್ಪುಗಾಳಿಗೆ, ತುಕ್ಕು ತಡೆಯುವ ಮಾಲಿಬ್ಡಿನಮ್ ಲೋಹ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕುವ ಬದಲು ಅಗ್ಗದ 304 ಹಾಕಿದ್ದರಿಂದ ಗೇಟಿನ ಹಿಡಿಕೆ ಮತ್ತು ಕಿಟಕಿಯ ಕೊಂಡಿಗಳಲ್ಲಿ ಆಗಲೇ ಕಂದು ಕಲೆಗಳು ಮೂಡಿವೆ. ಬದಲಿಸಿಕೊಡಲು ತಂಡ ಒಪ್ಪಿದೆಯಾದರೂ ವೆಚ್ಚ ಯಾರದೆಂಬ ಮಾತು ಇನ್ನೂ ಮುಗಿದಿಲ್ಲ.