ಸ್ಟಾರ್ ವಾರ್ಸ್ ಆರ್‌ಪಿಜಿ ಮರುಮುದ್ರಣ: ಎರಡನೇ ಪುಸ್ತಕ ಮೊದಲು ಓದಿ

ಗಟ್ಟಿ ರಟ್ಟಿನ ಎರಡು ಪುಸ್ತಕ, ಅವನ್ನು ತೂರಿಸಿಡಲು ಒಂದು ಡಬ್ಬಿ. ವೆಸ್ಟ್ ಎಂಡ್ ಗೇಮ್ಸ್ 1987ರಲ್ಲಿ ತಂದಿದ್ದ ಸ್ಟಾರ್ ವಾರ್ಸ್ ರೋಲ್‌ಪ್ಲೇಯಿಂಗ್ ಗೇಮ್‌ಗೆ (ಆರ್‌ಪಿಜಿ, ಅಂದರೆ ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) 30 ವರ್ಷ ತುಂಬಿದ ನೆಪದಲ್ಲಿ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಮತ್ತೆ ಅಚ್ಚು ಹಾಕಿಸಿತಲ್ಲ, ಅದೇ ಇದು. ಒಂದು ರೂಲ್ಸ್ ಪುಸ್ತಕ, ಇನ್ನೊಂದು ಆ ಲೋಕದ ವಿವರಗಳಿರುವ ಸೋರ್ಸ್‌ಬುಕ್. ಕಪಾಟಿನಲ್ಲಿ ಸುಮ್ನೆ ಇಡೋಕೆ ಅಂತ ನಾನು ತಗೊಳ್ಳಲಿಲ್ಲ, ಗೆಳೆಯರನ್ನು ಕೂರಿಸಿಕೊಂಡು ಆಡಿಸಿಯೇ ಬರೀತಿದ್ದೇನೆ.

ಮೊದಲು ಆ ಕಾಲ ನೆನಪಿಸಿಕೊಳ್ಳಿ. ಮೂರನೇ ಸ್ಟಾರ್ ವಾರ್ಸ್ ಸಿನಿಮಾ ಬಂದದ್ದು 1983ರಲ್ಲಿ, ಅಲ್ಲಿಗೆ ಕಥೆ ಮುಗಿಯಿತು. 1986ಕ್ಕೆ ಮಾರ್ವೆಲ್‌ನ ಸ್ಟಾರ್ ವಾರ್ಸ್ ಕಾಮಿಕ್ಸ್ ನಿಂತಿತು, ಎರಡು ಕಾರ್ಟೂನ್ ಸರಣಿಗಳೂ ಮುಗಿದವು. ಮುಂದಿನ ಸಿನಿಮಾ 1999ರಲ್ಲಿ! ನಡುವೆ ಎಲ್ಲ ಮಲಗಿದ್ದಾಗ ಈ ಆಟ ಬಂತು. ಆಟ ಅಂದಮೇಲೆ ಪ್ರಶ್ನೆಗಳು ಬಂದೇ ಬರುತ್ತವೆ ಅಲ್ವಾ? ಸಿನಿಮಾ ನೋಡುವವರು ಮೂಲೆಯಲ್ಲಿ ಕೂತ ಅನ್ಯಗ್ರಹ ಜೀವಿಯ ವಿಚಿತ್ರ ಮುಖವನ್ನು ನೋಡಿ ಸುಮ್ಮನಾಗುತ್ತಾರೆ, ಆದರೆ ಟೇಬಲ್ ಸುತ್ತ ಕೂತವರು "ಅವನ ಜಾತಿ ಯಾವುದು, ಊರು ಯಾವುದು, ನಮ್ಮ ಭಾಷೆ ಬರುತ್ತಾ, ಲಂಚ ತಗೋತಾನಾ" ಅಂತ ಆಟ ನಡೆಸುವ ಗೇಮ್ ಮಾಸ್ಟರ್‌ನ ಪ್ರಾಣ ತಿನ್ನುತ್ತಾರೆ. ಅದಕ್ಕೆಲ್ಲ ಯಾರಾದರೂ ಕೂತು ಉತ್ತರ ಬರೆಯಲೇಬೇಕಿತ್ತು.

ಬಿಲ್ ಸ್ಲಾವಿಸೆಕ್ ಮತ್ತು ಕರ್ಟಿಸ್ ಸ್ಮಿತ್ ಸೋರ್ಸ್‌ಬುಕ್‌ನಲ್ಲಿ ಬರೆದದ್ದು ಇದನ್ನೇ. ಆಟಿಕೆ ಪೊಟ್ಟಣದ ಮೇಲೆ ಬರೀ 'ಹ್ಯಾಮರ್‌ಹೆಡ್' ಆಗಿದ್ದವನು ಇಲ್ಲಿ ಇಥೋರಿಯನ್ ಅನ್ನುವ ಜೀವಿಕುಲದವನಾದ. ಮೊದಲ ಸಿನಿಮಾದ ಗ್ರೀಡೋ ರೋಡಿಯನ್ ಆದ. ತಲೆಯಿಂದ ಬಾಲಗಳು ಇಳಿಬಿದ್ದ ಜೀವಿಗಳಿಗೆ ಟ್ವಿಲೆಕ್ ಅನ್ನುವ ಹೆಸರೂ ಈ ಆಟದ್ದೇ. ಮುಂದೆ ಲೇಖಕ ಟಿಮಥಿ ಜಾನ್ 1991ರ ಸ್ಟಾರ್ ವಾರ್ಸ್ ಕಾದಂಬರಿ ಬರೆಯಲು ಕೂತಾಗ ಸಿನಿಮಾದ ಕಂಪನಿ ಲೂಕಸ್‌ಫಿಲ್ಮ್ ಅವರಿಗೆ ಆಕರ ಅಂತ ಕಳಿಸಿದ್ದು ಈ ಆಟದ ಪುಸ್ತಕಗಳನ್ನು. ಬೇರೆಯವರು ಕಟ್ಟಿದ್ದನ್ನು ಬಳಸಲು ಅವರಿಗೆ ಮೊದಲು ಮನಸ್ಸಿರಲಿಲ್ಲ, ಆಮೇಲೆ ಕೆಲಸ ಉಳೀತು ಅಂತ ಖುಷಿಪಟ್ಟರು. ಈಗ 'ಆಂಡೋರ್' ಸರಣಿ ನೋಡಿ ಐಎಸ್‌ಬಿ (ಸಾಮ್ರಾಜ್ಯದ ಭದ್ರತಾ ಇಲಾಖೆ) ಆಫೀಸಿನ ಒಳಜಗಳಕ್ಕೆ ಬೆರಗಾದವರಿದ್ದೀರಲ್ಲ, ಆ ಐಎಸ್‌ಬಿ ಕೂಡ ಇದೇ ಕಂಪನಿಯ ಆಟದ ಪುಸ್ತಕದಲ್ಲಿ ಹುಟ್ಟಿದ್ದು. ಹಾಗಾಗಿ ನನ್ನ ಪ್ರಕಾರ ಡಬ್ಬಿಯ ಅಸಲಿ ಮಾಲು ಸೋರ್ಸ್‌ಬುಕ್. ಆಡದಿದ್ದರೂ ಓದಬಹುದು.

ರೂಲ್ಸ್ ಪುಸ್ತಕ ಗ್ರೆಗ್ ಕಾಸ್ಟಿಕ್ಯನ್ ಅವರದ್ದು. ಕಲಿಯೋದು ಬಹಳ ಸುಲಭ. ಬೇಕಾಗಿರೋದು ಮನೆಯಲ್ಲಿ ಬಿದ್ದಿರುವ ಆರು ಮುಖದ ದಾಳಗಳು ಮಾತ್ರ. ಬ್ಲಾಸ್ಟರ್ (ಅಲ್ಲಿನ ಬಂದೂಕು) ಕೌಶಲ 4ಡಿ ಅಂತ ಇದ್ದರೆ ನಾಲ್ಕು ದಾಳ ಉರುಳಿಸಿ, ಕೂಡಿ, ಬೇಕಾದ ಸಂಖ್ಯೆ ಮುಟ್ಟಿದರೆ ಗುರಿ ತಾಗಿತು. ಒಂದೇ ಸುತ್ತಿನಲ್ಲಿ ಓಡುತ್ತಲೂ ಇರಬೇಕು, ಗುಂಡೂ ಹಾರಿಸಬೇಕು ಅಂದರೆ ಎರಡರಲ್ಲೂ ಒಂದೊಂದು ದಾಳ ಕಮ್ಮಿ. ಕ್ಯಾರೆಕ್ಟರ್ ಮಾಡೋಕೆ 24 ಟೆಂಪ್ಲೇಟ್‌ಗಳಿವೆ, ಅಂದರೆ ಅರ್ಧ ತಯಾರಾದ ಪಾತ್ರಗಳು. ಒಂದನ್ನು ಆರಿಸಿ, ಕೌಶಲಗಳಿಗೆ 7 ದಾಳ ಹಂಚಿ, ಹೆಸರಿಡಿ, ಅಷ್ಟೇ. ಆರ್‌ಪಿಜಿ ಅಂದರೇನು ಅಂತಲೇ ಗೊತ್ತಿಲ್ಲದ ಗೆಳತಿಯೊಬ್ಬಳು ಸೋತುಹೋದ ಮುದಿ ಜೆಡೈಯ (ಅಲೌಕಿಕ ಶಕ್ತಿಯ ಯೋಧ) ಟೆಂಪ್ಲೇಟ್ ಎತ್ತಿಕೊಂಡು, ಹತ್ತು ನಿಮಿಷದಲ್ಲಿ ಎಲ್ಲರಿಗೂ ಬೈಯುತ್ತಾ ಪಾತ್ರದೊಳಗೆ ಇಳಿದುಬಿಟ್ಟಳು. ಪುಸ್ತಕದ ನಡುವೆ ಬಣ್ಣದ ಪುಟಗಳಲ್ಲಿ ಆ ಲೋಕದ್ದೇ ಜಾಹೀರಾತುಗಳಿವೆ, ಸಾಮ್ರಾಜ್ಯದ ನೌಕಾಪಡೆಗೆ ಸೇರಿ ಅನ್ನುವುದೂ ಸೇರಿ. ನನಗೆ ಅವು ನಿಯಮಗಳಿಗಿಂತ ಜಾಸ್ತಿ ಇಷ್ಟ.

ಕೊರತೆ ಇಲ್ಲವೇ? ಇದೆ. ಜೆಡೈ ಆರಂಭದಲ್ಲಿ ಬಡಪಾಯಿ, ಆದರೆ ಹತ್ತಾರು ಆಟ ದಾಟಿತೋ ಉಳಿದವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಏಟು ತಡೆಯುವುದನ್ನು ಮೈಬಲದಿಂದ ಲೆಕ್ಕ ಹಾಕುವುದರಿಂದ ಮೈತುಂಬ ಕೂದಲಿನ ದೈತ್ಯ ವೂಕಿಗೆ ಬ್ಲಾಸ್ಟರ್ ಗುಂಡು ಸೊಳ್ಳೆ ಕಡಿದ ಹಾಗೆ. ದಾಳ ಹತ್ತಾದಾಗ ಕೂಡಿಸುತ್ತಾ ಕೂರುವವರ ಮುಖ ನೋಡಲಾಗದು. ಮರುಮುದ್ರಣದಲ್ಲಿ ಇದ್ಯಾವುದನ್ನೂ ತಿದ್ದಿಲ್ಲ. ಹಳೆಯದನ್ನು ಹಳೆಯದರ ಹಾಗೇ ಕೊಟ್ಟದ್ದು ಸರಿ ಅನ್ನುತ್ತೇನೆ, ಆದರೆ ವರ್ಷಗಟ್ಟಲೆ ಒಂದೇ ಕಥೆ ಆಡಿಸುವ ಆಸೆ ಇದ್ದವರು 1992ರ ಎರಡನೇ ಆವೃತ್ತಿ ಹುಡುಕಿ.

ವಾರಾಂತ್ಯಕ್ಕೊಂದು ಆಟ ಸಾಕು ಅನ್ನುವವರು ಪುಸ್ತಕದಲ್ಲೇ ಇರುವ 'ರೆಬೆಲ್ ಬ್ರೇಕೌಟ್' ಸಾಹಸದಿಂದ ಶುರು ಮಾಡಿ. ಬಾಹ್ಯಾಕಾಶದ ಕಾಳಗವನ್ನು ಮೊದಲ ದಿನ ಮುಟ್ಟಲೇಬೇಡಿ. ಸೋರ್ಸ್‌ಬುಕ್ ಮಾತ್ರ ಕೈಗೆ ಎಟುಕುವಲ್ಲಿ ಇಟ್ಟುಕೊಳ್ಳಿ, ಮೂಲೆಯಲ್ಲಿ ಕೂತವನು ಯಾರು ಅಂತ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.